ಜಂಗಮವಾಡಿಯಲ್ಲಿ ಒಂದು ಪರದೇಶಿ ಚುಕ್ಕಿ

ಕಾಶಿಯ ಗೋದೌಲಿಯಾ ಚೌಕದಲ್ಲಿ ಇಳಿದ ಜನವೆಲ್ಲ ಪೂರ್ವಕ್ಕೆ, ದಶಾಶ್ವಮೇಧ ಘಾಟಿನ ಕಡೆಗೆ ಹರಿದು ಹೋಗುತ್ತದೆ. ಅವರ ಜೊತೆ ಹೋಗದೆ ದಕ್ಷಿಣಕ್ಕೆ, ನೇಕಾರರ ಮದನಪುರದತ್ತ ಹೋಗುವ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಜಂಗಮವಾಡಿ ಸಿಗುತ್ತದೆ. ಊರಿನವರ ಬಾಯಲ್ಲಿ ಅದು ಜಂಗಮ್‌ಬಾಡಿ. ನಮ್ಮ ಇ-ರಿಕ್ಷಾದವನು ದೊಡ್ಡವ್ವನ ಇಳಕಲ್ ಸೀರೆಯನ್ನೂ ಹಣೆಯ ವಿಭೂತಿಯನ್ನೂ ಒಮ್ಮೆ ನೋಡಿದ. ನಾವು ಬಾಯಿ ಬಿಡುವ ಮೊದಲೇ ‘ಜಂಗಮ್‌ಬಾಡಿ?’ ಎಂದು ಕೇಳಿದ. ಹೊರಗಿನವರು ಯಾರು, ಯಾವ ಕಡೆಯವರು ಎಂದು ಗುರುತಿಸುವುದರಲ್ಲಿ ಕಾಶಿಯವರನ್ನು ಮೀರಿಸುವವರಿಲ್ಲ. ಎಷ್ಟೋ ನೂರು ವರ್ಷಗಳಿಂದ ಅವರ ಹೊಟ್ಟೆಪಾಡೇ ಅದು.

ಇಲ್ಲಿರುವುದು ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಭಕ್ತರು ಬಂದಿಳಿಯುವ ಮಠ. ಬಾಗಿಲು ದಾಟಿದರೆ ಹಿಂದಿಯ ಸದ್ದು ತಗ್ಗಿ ಕನ್ನಡ, ಮರಾಠಿ, ತೆಲುಗು ಕಿವಿಗೆ ಬೀಳುತ್ತವೆ. ಅಕ್ಬರನಿಂದ ಔರಂಗಜೇಬನವರೆಗಿನ ಮೊಘಲ್ ದೊರೆಗಳು ಈ ಜಂಗಮರಿಗೆ ಕೊಟ್ಟ ಫರ್ಮಾನುಗಳು ಮಠದ ಸಂಗ್ರಹದಲ್ಲಿವೆ. ದೂರದ ನಾಡಿನಿಂದ ಬಂದು ಇಲ್ಲಿ ನೆಲೆ ನಿಂತವರಿಗೆ ದೊರೆ ಬದಲಾದಾಗಲೆಲ್ಲ ‘ಈ ಜಾಗ ಇವರದೇ’ ಎಂಬ ಕಾಗದ ಬೇಕಾಗುತ್ತಿತ್ತು. ದೆಹಲಿಯಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ಬರೆಸುವ ನನಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ.

ಆದರೆ ಜಂಗಮವಾಡಿಗೆ ಹೋದವರು ಮರೆಯದೆ ಇರುವುದು ಫರ್ಮಾನುಗಳನ್ನಲ್ಲ, ಅಲ್ಲಿನ ಲಿಂಗಗಳನ್ನು. ತೀರಿಕೊಂಡವರ ಹೆಸರಿನಲ್ಲಿ ಒಂದು ಕಲ್ಲಿನ ಶಿವಲಿಂಗವನ್ನು ಇಲ್ಲಿ ಇರಿಸುವುದು ಹಿಂದಿನಿಂದ ಬಂದ ಪದ್ಧತಿ. ಅಂಗಳದಲ್ಲಿ, ಗೋಡೆಯುದ್ದಕ್ಕೆ, ಸಾಲಿನ ಹಿಂದೆ ಸಾಲು. ದೊಡ್ಡವು, ಅಂಗೈಯಷ್ಟವು, ಸವೆದವು, ಮೊನ್ನೆಯಷ್ಟೇ ಬಂದವು. ಎಷ್ಟಿವೆ ಎಂದರೆ ಲೆಕ್ಕವನ್ನು ಲಕ್ಷಗಳಲ್ಲಿ ಹೇಳುತ್ತಾರೆ. ಜಂಗಮ ಎಂದರೆ ಚಲಿಸುವುದು, ಸ್ಥಾವರ ಎಂದರೆ ನಿಂತಿರುವುದು ಎಂದು ಶಾಲೆಯಲ್ಲಿ ಓದಿದವರಿಗೆ, ಜಂಗಮರ ಹೆಸರಿನ ಈ ಕೇರಿಯಲ್ಲಿ ಇಷ್ಟೊಂದು ಕಲ್ಲುಗಳು ಕದಲದೆ ಕೂತಿರುವುದು ಮೊದಲು ವಿಚಿತ್ರವೆನಿಸುತ್ತದೆ. ಎರಡು ದಿನ ಇದ್ದರೆ ಅಭ್ಯಾಸವಾಗುತ್ತದೆ.

ನಾವು ಹೋದದ್ದು ದೊಡ್ಡಪ್ಪನ ಹೆಸರಿನ ಲಿಂಗ ಇಡಿಸಲು. 2025ರ ನವೆಂಬರ್ 18ರ ಬೆಳಿಗ್ಗೆ ದೆಹಲಿಯ ರೈಲಿನಿಂದ ಇಳಿದೆವು. ನವೆಂಬರ್ 20 ಅಮಾವಾಸ್ಯೆ, ಅದನ್ನು ನೋಡಿಕೊಂಡೇ ದೊಡ್ಡವ್ವ ಗದಗದಿಂದ ನನ್ನಲ್ಲಿಗೆ ಬಂದಿದ್ದಳು. ನಮ್ಮ ಲೆಕ್ಕದಲ್ಲಿ ಅದು ಕಾರ್ತಿಕ ಮಾಸದ ಕೊನೆಯ ದಿನ. ಕಾಶಿಯವರ ಕಾರ್ತಿಕವಾದರೋ ಎರಡು ವಾರ ಮೊದಲೇ, ನವೆಂಬರ್ 5ರ ಹುಣ್ಣಿಮೆಗೆ, ದೇವ ದೀಪಾವಳಿಯ ದೀಪಗಳೊಂದಿಗೆ ಮುಗಿದಿತ್ತು. ಅವರು ತಿಂಗಳನ್ನು ಹುಣ್ಣಿಮೆಗೆ ಮುಗಿಸುತ್ತಾರೆ, ನಾವು ಅಮಾವಾಸ್ಯೆಗೆ. ಬೀದಿಯಲ್ಲಿ ಮಾರ್ಗಶಿರ, ಮಠದೊಳಗೆ ಇನ್ನೂ ಕಾರ್ತಿಕ. ಒಂದೇ ಚಂದ್ರ, ಎರಡು ಪಂಚಾಂಗ.

ದೊಡ್ಡಪ್ಪ ತೀರಿಕೊಂಡದ್ದು 1997ರಲ್ಲಿ, ಯುಗಾದಿಗೆ ಕೆಲವೇ ದಿನ ಇರುವಾಗ. ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಆಗ ವಾಯವ್ಯದ ಆಕಾಶದಲ್ಲಿ ಸಂಜೆ ಹೊತ್ತು ಹೇಲ್-ಬಾಪ್ ಧೂಮಕೇತು ಬರಿಗಣ್ಣಿಗೆ ಎದ್ದು ಕಾಣುತ್ತಿತ್ತು. ಆ ವರ್ಷ ಏಪ್ರಿಲ್ 1ಕ್ಕೆ ಅದು ಸೂರ್ಯನಿಗೆ ಅತಿ ಸಮೀಪ ಬಂದಿತ್ತು. ನಲವತ್ತು ದಾಟಿದವರಿಗೆ ಅದು ನೆನಪಿರಬಹುದು: ಎರಡು ಬಾಲದ, ನೋಡಲು ಸುಂದರವಾದ ಚುಕ್ಕಿ. ದೊಡ್ಡವ್ವನಿಗೆ ಮಾತ್ರ ಅದು ಸುಂದರವಲ್ಲ. ವಾರಗಟ್ಟಲೆ ಅದು ಮನೆಯ ಹಿತ್ತಲಿನ ಬೇವಿನ ಮರದ ಮೇಲೆ ನಿಂತಿತ್ತು, ಅದೇ ವಾರಗಳಲ್ಲಿ ಮನೆಯ ಯಜಮಾನ ಹೋದ. ಅವಳ ಮನಸ್ಸಿನಲ್ಲಿ ಎರಡೂ ಒಂದೇ ಘಟನೆ.

ಹಾಗಾಗಿ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ‘ಹೊರಗಿನಿಂದ ಬಂದ ಧೂಮಕೇತು’, ‘ಏಲಿಯನ್ ನೌಕೆ’, ‘ನಾಸಾ ಮುಚ್ಚಿಟ್ಟ ಸತ್ಯ’ ಎಂದು ವಿಡಿಯೋಗಳು ಬೀಳತೊಡಗಿದಾಗ ಉಳಿದವರು ನಕ್ಕು ಮುಂದೆ ಹೋದರು, ಅವಳು ಹೋಗಲಿಲ್ಲ. ಮಠದ ಕೋಣೆಯಲ್ಲಿ ಚೀಲ ಇಳಿಸಿ ನೀರು ಕುಡಿದ ಮೇಲೆ ಕೇಳಿದ ಮೊದಲ ಪ್ರಶ್ನೆಯೇ ಅದು.

“ಅದೇ ಚುಕ್ಕಿ ತಿರುಗಿ ಬಂದೈತೇನೋ ತಮ್ಮಾ?”

“ಇಲ್ಲ ದೊಡ್ಡವ್ವಾ, ಇದು ಬ್ಯಾರೆ.”

“ಬ್ಯಾರೆ ಅಂತ ಹೆಂಗ ಗೊತ್ತಾತು ನಿನಗ? ಅದರ ಮಾರಿ ನೋಡೀಯೇನು?”

ಪ್ರಶ್ನೆ ಸರಿಯಾಗಿಯೇ ಇದೆ. ಧೂಮಕೇತುವಿನ ಮಾರಿ ಭೂಮಿಯಿಂದ ನೋಡುವವರಿಗೆ ಕಾಣುವುದಿಲ್ಲ. ಒಳಗಿನ ಮಂಜುಗಡ್ಡೆ-ಧೂಳಿನ ಗಟ್ಟಿ ಕೆಲವೇ ಕಿಲೋಮೀಟರ್ ಅಗಲ, ಅದರ ಸುತ್ತ ಲಕ್ಷ ಕಿಲೋಮೀಟರ್ ಹರಡಿದ ಹೊಗೆ. ದೂರದರ್ಶಕದಲ್ಲಿ ಎಲ್ಲವೂ ಹತ್ತಿಯ ಉಂಡೆಯ ಹಾಗೇ ಕಾಣುತ್ತವೆ. ಹಾಗಿದ್ದರೆ ಒಂದನ್ನು ಇನ್ನೊಂದರಿಂದ, ನಮ್ಮದನ್ನು ಹೊರಗಿನದರಿಂದ, ಬೇರೆ ಮಾಡುವುದು ಹೇಗೆ? ಉತ್ತರದ ಅರ್ಧ ಭಾಗ ಜಂಗಮವಾಡಿಯಿಂದ ಹದಿನೈದು ನಿಮಿಷದ ನಡಿಗೆಯಲ್ಲಿ, ಒಂದು ಮಾಳಿಗೆಯ ಮೇಲಿದೆ. ಮರುದಿನ ಮಧ್ಯಾಹ್ನ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ದಶಾಶ್ವಮೇಧದ ಪಕ್ಕದ್ದೇ ಮಾನ ಮಂದಿರ ಘಾಟ್. ಅಲ್ಲಿ ಅಂಬರದ ರಾಜ ಮಾನಸಿಂಗ 1600ರ ಸುಮಾರಿಗೆ ಕಟ್ಟಿಸಿದ ಅರಮನೆಯಿದೆ. ಅವನ ವಂಶದ ಸವಾಯಿ ಜೈಸಿಂಗ ಹದಿನೆಂಟನೆಯ ಶತಮಾನದಲ್ಲಿ ಅದರ ಮಾಳಿಗೆಯ ಮೇಲೆ ವೇಧಶಾಲೆ ಮಾಡಿಸಿದ. ದೆಹಲಿಯ ಜಂತರ್ ಮಂತರ್ ನೋಡಿದವರಿಗೆ ಇದು ಅದರ ಚಿಕ್ಕ ತಂಗಿಯಂತೆ ಕಾಣುತ್ತದೆ. ದೆಹಲಿಯದು ಈಗ ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಿದೆ. ಇಲ್ಲಿ ಕಣ್ಣೆದುರು ಗಂಗೆ, ಆಚೆಗೆ ಬರೀ ಮರಳು. ಕೆಳಗೆ ಪುರಾತತ್ವ ಇಲಾಖೆಯ ಟಿಕೆಟ್ ಕೌಂಟರ್, 2019ರಲ್ಲಿ ತೆರೆದ ವರ್ಚುವಲ್ ಮ್ಯೂಸಿಯಂ. ಬಂದವರಲ್ಲಿ ಬಹಳಷ್ಟು ಜನ ಮ್ಯೂಸಿಯಂನ ಪರದೆಗಳನ್ನು ನೋಡಿ ಅಲ್ಲಿಂದಲೇ ತಿರುಗುತ್ತಾರೆ. ನನ್ನ ಮಟ್ಟಿಗೆ ಮಾಳಿಗೆ ಹತ್ತದಿದ್ದರೆ ಮಾನ ಮಂದಿರ ನೋಡಿದಂತೆಯೇ ಅಲ್ಲ. ಕೋತಿಗಳಿವೆ, ಕೈಯಲ್ಲಿ ತಿನಿಸು ಬೇಡ.

ಮೇಲೆ ಸಮ್ರಾಟ್ ಯಂತ್ರವಿದೆ. ಕಲ್ಲಿನ ಇಳಿಜಾರು ಗೋಡೆ, ಅದರ ಎರಡೂ ಬದಿಗೆ ಬಿಲ್ಲಿನಂತೆ ಬಾಗಿದ ಅಳತೆಪಟ್ಟಿ. ಗೋಡೆಯ ಓರೆ ಇಷ್ಟಬಂದಂತೆ ಇಟ್ಟದ್ದಲ್ಲ. ಕಾಶಿಯ ಅಕ್ಷಾಂಶ ಎಷ್ಟೋ ಅಷ್ಟೇ, ಸುಮಾರು ಇಪ್ಪತ್ತೈದೂಕಾಲು ಡಿಗ್ರಿ. ಹಾಗಾಗಿ ಅದು ಭೂಮಿ ಸುತ್ತುವ ಅಕ್ಷಕ್ಕೆ ಸಮಾನಾಂತರವಾಗಿ, ಧ್ರುವ ನಕ್ಷತ್ರದತ್ತ ಮುಖ ಮಾಡಿದೆ. ಪಕ್ಕದಲ್ಲಿ ಲೋಹದ ಚಕ್ರ ಯಂತ್ರ, ಗೋಡೆಯ ಮೇಲೆ ಕಮಾನು ಕೊರೆದ ದಕ್ಷಿಣೋತ್ತರ ಭಿತ್ತಿ ಯಂತ್ರ, ವೃತ್ತಾಕಾರದ ಗೋಡೆಗಳ ನಡುವೆ ಕಂಬ ನಿಲ್ಲಿಸಿದ ದಿಗಂಶ ಯಂತ್ರ. ಮಸೂರ ಒಂದೂ ಇಲ್ಲ. ಇವುಗಳಿಂದ ಆಕಾಶದ ವಸ್ತು ದೊಡ್ಡದಾಗಿ ಕಾಣುವುದಿಲ್ಲ. ಇವು ಹೇಳುವುದು ಒಂದೇ ಸಂಗತಿ: ಈ ಚುಕ್ಕಿ ಈ ಗಳಿಗೆಯಲ್ಲಿ ಎಲ್ಲಿದೆ. ಎಷ್ಟು ಎತ್ತರ, ಯಾವ ದಿಕ್ಕು. ನಾಳೆ ಮತ್ತೆ ಅಳೆ, ನಾಡಿದ್ದು ಮತ್ತೆ ಅಳೆ. ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1772ರಲ್ಲಿ ಈ ಮಾಳಿಗೆ ಹತ್ತಿ ಬೆರಗಾಗಿ ಬರೆದ ವರದಿ 1777ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಹೊರಗಿನ ಧೂಮಕೇತುವನ್ನು ಗುರುತು ಹಿಡಿದದ್ದೂ ಇದೇ ಕೆಲಸದಿಂದ. 2025ರ ಜುಲೈ 1ರಂದು ಚಿಲಿ ದೇಶದ ರಿಯೋ ಹುರ್ಟಾಡೋದಲ್ಲಿರುವ ಅಟ್ಲಾಸ್ ದೂರದರ್ಶಕ ಒಂದು ಮಸುಕು ಚುಕ್ಕಿಯನ್ನು ಕಂಡಿತು. ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳ ಮೇಲೆ ಕಣ್ಣಿಡಲು ನಾಸಾ ಹಣದಿಂದ ನಡೆಯುವ ಕಾವಲು ಅದು. ಅಂದು ಆ ಚುಕ್ಕಿ ಸೂರ್ಯನಿಂದ ಸುಮಾರು 67 ಕೋಟಿ ಕಿ.ಮೀ. ದೂರದಲ್ಲಿತ್ತು. ಹಳೆಯ ಚಿತ್ರಗಳನ್ನು ಹುಡುಕಿದಾಗ ಜೂನ್ 14ರಿಂದಲೇ ಅದು ಅಲ್ಲಲ್ಲಿ ಸಿಕ್ಕಿತ್ತು. ಆ ಸ್ಥಾನಗಳನ್ನೆಲ್ಲ ಸಾಲಾಗಿಟ್ಟು ದಾರಿ ಲೆಕ್ಕ ಹಾಕಿದರು, ಒಂದೆರಡು ದಿನದಲ್ಲೇ ತೀರ್ಮಾನವಾಯಿತು.

ಆ ಲೆಕ್ಕ ಕಷ್ಟದ್ದೇನಲ್ಲ. ಸೂರ್ಯನಿಂದ ಅಷ್ಟು ದೂರದಲ್ಲಿ, ಸೂರ್ಯನ ಹಿಡಿತದಲ್ಲಿರುವ ಯಾವ ವಸ್ತುವೂ ಸೆಕೆಂಡಿಗೆ ಸುಮಾರು 20 ಕಿ.ಮೀ.ಗಿಂತ ಜೋರಾಗಿ ಓಡಲಾರದು. ಓಡಿದರೆ ಹಗ್ಗ ಹರಿದ ಹಾಗೆ, ಸೂರ್ಯನಿಗೆ ಅದನ್ನು ಹಿಡಿದಿಡಲಾಗದು. ಇದು ಓಡುತ್ತಿದ್ದದ್ದು ಸೆಕೆಂಡಿಗೆ 61 ಕಿ.ಮೀ. ಸೂರ್ಯ ಎಳೆದು ಕೊಟ್ಟ ವೇಗವನ್ನು ಕಳೆದರೂ 58 ಕಿ.ಮೀ. ಉಳಿಯುತ್ತದೆ. ಅಷ್ಟು ವೇಗವನ್ನು ಅದು ಬರುವಾಗಲೇ ಕಟ್ಟಿಕೊಂಡು ಬಂದಿತ್ತು. ಆ ವೇಗದಲ್ಲಿ ಜಂಗಮವಾಡಿಯಿಂದ ಬೆಂಗಳೂರಿಗೆ ಅರ್ಧ ನಿಮಿಷವೂ ಬೇಡ.

ದಾರಿಯ ಆಕಾರಕ್ಕೆ ಖಗೋಳದವರು ಒಂದು ಅಂಕಿ ಕೊಡುತ್ತಾರೆ, ಉತ್ಕೇಂದ್ರತೆ ಎಂದು. ಪೂರ್ತಿ ವೃತ್ತವಾದರೆ ಸೊನ್ನೆ. ಹ್ಯಾಲಿ ಧೂಮಕೇತುವಿನಂಥ ಉದ್ದನೆಯ ಮೊಟ್ಟೆಯಾಕಾರಕ್ಕೆ 0.967. ಒಂದು ಮುಟ್ಟುವವರೆಗೆ ದಾರಿ ತಿರುಗಿ ಮನೆಗೆ ಬರುತ್ತದೆ. ಒಂದನ್ನು ಮೀರಿದರೆ ಬರುವುದಿಲ್ಲ. 2017ರಲ್ಲಿ ಹವಾಯಿಯಿಂದ ಕಂಡ ಓಮುವಾಮುವಾಗೆ ಅದು 1.2. ಹೊರಗಿನಿಂದ ಬಂದದ್ದೆಂದು ಗುರುತಾದ ಮೊದಲ ವಸ್ತು ಅದು. 2019ರ ಆಗಸ್ಟ್ 30ರಂದು ಕ್ರೈಮಿಯಾದ ಗೆನ್ನಡಿ ಬೋರಿಸೋವ್ ತಾನೇ ಮಾಡಿಕೊಂಡ ದೂರದರ್ಶಕದಿಂದ ಕಂಡುಹಿಡಿದ ಧೂಮಕೇತುವಿಗೆ ಸುಮಾರು 3.36. ಈ ಮೂರನೆಯದಕ್ಕೆ ಆರಕ್ಕೂ ಮೇಲೆ. ಹೆಸರು 3ಐ/ಅಟ್ಲಾಸ್. ‘ಐ’ ಎಂದರೆ ಇಂಟರ್‌ಸ್ಟೆಲ್ಲಾರ್, ಮುಂದಿನದು ಸರಣಿ ಸಂಖ್ಯೆ. ಕನ್ನಡದಲ್ಲಿ ಅಂತರತಾರಾ ಧೂಮಕೇತು ಎಂದು ಬರೆಯುವವರಿದ್ದಾರೆ. ನಾನು ದೊಡ್ಡವ್ವನಿಗೆ ‘ಪರದೇಶಿ ಚುಕ್ಕಿ’ ಎಂದೆ. ನಮ್ಮ ಕಡೆ ಪರದೇಶಿ ಎಂದರೆ ಬೇರೆ ದೇಶದವನು ಮಾತ್ರವಲ್ಲ, ಹಿಂದೆ ಮುಂದೆ ಯಾರೂ ಇಲ್ಲದವನು ಎಂದೂ ಅರ್ಥ. ಅವಳ ದನಿ ಅಲ್ಲಿಂದ ಸ್ವಲ್ಪ ಮೆತ್ತಗಾಯಿತು.

“ಹಂಗಾದ್ರ ಆ ಹಳೇದು?”

ಹೇಲ್-ಬಾಪ್ ನಮ್ಮದೇ ಮನೆಯದು. ಸೂರ್ಯನ ಸುತ್ತ ಒಂದು ಸುತ್ತಿಗೆ ಅದಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಇನ್ನು ನಾವ್ಯಾರೂ ಅದನ್ನು ನೋಡುವುದಿಲ್ಲ. ಹಾಗೆಂದು ಹೇಳಿದೆ. “ಬರೂದs ಬ್ಯಾಡ ಬಿಡು” ಎಂದಳು.

ಒಂದೇ ಚುಕ್ಕಿ ಮತ್ತೆ ಮತ್ತೆ ಬರುತ್ತದೆ ಎಂಬ ದೊಡ್ಡವ್ವನ ಅನುಮಾನಕ್ಕೆ ದೊಡ್ಡವರ ಬೆಂಬಲವೇ ಇದೆ. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯ ಕೇತುಚಾರ ಅಧ್ಯಾಯದಲ್ಲಿ ಹಿಂದಿನವರ ಅಭಿಪ್ರಾಯಗಳನ್ನು ಪಟ್ಟಿ ಮಾಡುತ್ತಾನೆ. ಕೇತುಗಳು ನೂರಾ ಒಂದು ಎನ್ನುವವರಿದ್ದಾರೆ, ಸಾವಿರ ಎನ್ನುವವರಿದ್ದಾರೆ, ನಾರದನಂತೂ ಇರುವುದು ಒಂದೇ, ಅದೇ ಬೇರೆ ಬೇರೆ ರೂಪದಲ್ಲಿ ಬರುತ್ತದೆ ಎನ್ನುತ್ತಾನೆ. ಅದೇ ಅಧ್ಯಾಯದ ಆರಂಭದಲ್ಲಿ ವರಾಹಮಿಹಿರ ಇನ್ನೊಂದು ಮಾತು ಹೇಳುತ್ತಾನೆ: ಕೇತುವಿನ ಉದಯ ಅಸ್ತಗಳನ್ನು ಗಣಿತದಿಂದ ತಿಳಿಯಲಾಗದು. ಗ್ರಹಣ ಲೆಕ್ಕ ಹಾಕಬಲ್ಲ ಗಣಿತಜ್ಞ ಕೈಚೆಲ್ಲಿ ಹೇಳಿದ ಮಾತಿದು. ನನಗೆ ಅವನ ಮೇಲೆ ಗೌರವ ಹುಟ್ಟುವುದೇ ಇಲ್ಲಿ. ಮುಂದೆ ಫಲಜ್ಯೋತಿಷ್ಯ ಪುಟಗಟ್ಟಲೆ ಬರುತ್ತದೆ, ಆ ಮಾತು ಬೇರೆ.

ಆ ಗಣಿತ ಸಿಕ್ಕಿದ್ದು ಬೇರೆ ಊರಿನಲ್ಲಿ. ಎಡ್ಮಂಡ್ ಹ್ಯಾಲಿ ಹಳೆಯ ಧೂಮಕೇತುಗಳ ದಾರಿಗಳನ್ನು ನ್ಯೂಟನ್ನನ ನಿಯಮದಲ್ಲಿ ಕೂರಿಸಿ, 1531, 1607, 1682ರಲ್ಲಿ ಬಂದದ್ದು ಒಂದೇ ಎಂದ, ಮತ್ತೆ ಬರುತ್ತದೆ ಎಂದ. 1758ರ ಡಿಸೆಂಬರ್ ಕೊನೆಯಲ್ಲಿ ಅದು ಮತ್ತೆ ಕಾಣಿಸಿತು. ಜೈಸಿಂಗ 1743ರಲ್ಲೇ ತೀರಿಕೊಂಡಿದ್ದ. ನಾರದನ ಮಾತು ಒಂದು ಧೂಮಕೇತುವಿನ ಮಟ್ಟಿಗಾದರೂ ನಿಜವಾಯಿತು ಎನ್ನಬಹುದೇನೋ.

ಇದು ದಾರಿಯ ಮಾತಾಯಿತು. ದಾರಿಯಿಂದ ಹೊರಗಿನದು ಎಂದು ತಿಳಿಯುತ್ತದೆ. ಅದು ಎಂಥದ್ದು ಎಂದು ತಿಳಿಯುವುದಿಲ್ಲ. ಅದಕ್ಕೆ ಬೆಳಕನ್ನು ಒಡೆದು ನೋಡಬೇಕು. ಆ ಕೆಲಸ ನಮ್ಮ ಕನ್ನಡ ನೆಲದಿಂದಲೇ ನಡೆದಿದೆ. ಅದು ಹೆಚ್ಚು ಸುದ್ದಿಯಾಗಲಿಲ್ಲ.

ಬೆಂಗಳೂರಿನಲ್ಲಿರುವ ಓದುಗರಿಗೆ ಹೊಸಕೋಟೆ ಎಂದರೆ ಭಾನುವಾರ ಬೆಳಗಿನ ಜಾವ ಎದ್ದು ಹೋಗಿ ಕ್ಯೂ ನಿಂತು ತಿನ್ನುವ ಬಿರಿಯಾನಿ. ಅದೇ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಎಂಬ ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದ ಗುಡ್ಡದ ಮೇಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಇಲ್ಲಿಂದ, ಉಪಗ್ರಹದ ಮೂಲಕ. ಅಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ, ಆಮ್ಲಜನಕ ಕಡಿಮೆ. ಇಲ್ಲಿ ಕೋಣೆಯಲ್ಲಿ ಕೂತವರು ಆದೇಶ ಕಳಿಸಿದರೆ ಅಲ್ಲಿ ಕನ್ನಡಿ ತಿರುಗುತ್ತದೆ.

2019ರ ನವೆಂಬರ್ ಕೊನೆಗೆ ಮತ್ತು ಡಿಸೆಂಬರ್ 22ಕ್ಕೆ ಆ ಕನ್ನಡಿ ಬೋರಿಸೋವ್ ಧೂಮಕೇತುವಿನ ಕಡೆ ತಿರುಗಿತು. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಕೆ. ಅರವಿಂದ್, ಶಶಿಕಿರಣ್ ಗಣೇಶ್ ಹಾಗೂ ಜೊತೆಗಾರರು, ಖಭೌತ ಸಂಸ್ಥೆಯವರೊಂದಿಗೆ ಸೇರಿ, ಹಾನ್ಲೆ ಮತ್ತು ಅಬು ಬೆಟ್ಟ ಎರಡೂ ಕಡೆಯಿಂದ ಅದನ್ನು ನೋಡಿದರು. ಧೂಮಕೇತು ಸೂರ್ಯನ ಹತ್ತಿರ ಬಂದಂತೆ ಬಿಸಿಯಾಗಿ ಅನಿಲ ಬಿಡುತ್ತದೆ. ಬಿಸಿಲು ಬಿದ್ದಾಗ ಪ್ರತಿ ಅಣುವೂ ತನ್ನದೇ ಬಣ್ಣದಲ್ಲಿ ಹೊಳೆಯುತ್ತದೆ. ಇಂಗಾಲ-ಸಾರಜನಕದ ಜೋಡಿ ಸಯನೋಜನ್ ಕಣ್ಣಿಗೆ ಕಾಣದ ನೇರಳೆಯ ಅಂಚಿನಲ್ಲಿ, 388 ನ್ಯಾನೋಮೀಟರಿನಲ್ಲಿ. ಎರಡು ಇಂಗಾಲ ಪರಮಾಣುಗಳ ಜೋಡಿ ಹಸಿರಿನಲ್ಲಿ. ಫೋಟೋಗಳಲ್ಲಿ ಎಷ್ಟೋ ಧೂಮಕೇತುಗಳು ಹಸಿರಾಗಿ ಕಾಣುವುದು ಇದರಿಂದಲೇ. ಯಾವ ಬಣ್ಣ ಎಷ್ಟು ಗಾಢ ಎಂದು ಅಳೆದರೆ ಯಾವ ಅನಿಲ ಎಷ್ಟು ಹೊರಡುತ್ತಿದೆ ಎಂದು ತಿಳಿಯುತ್ತದೆ.

ಎಷ್ಟು ಎನ್ನುವುದಕ್ಕಿಂತ ಯಾವುದಕ್ಕೆ ಯಾವುದು ಎಷ್ಟು ಎನ್ನುವುದು ಮುಖ್ಯ. ಸಾರಿಗೆ ಎಷ್ಟು ಹುಳಿ, ಎಷ್ಟು ಬೆಲ್ಲ ಎಂಬುದರಿಂದ ಅದು ಮಂಗಳೂರಿನದೋ ಮೈಸೂರಿನದೋ ಎಂದು ಹೇಳುತ್ತೇವಲ್ಲ, ಹಾಗೆ. 1995ರಲ್ಲಿ ಮೈಕಲ್ ಅಹರ್ನ್ ಮತ್ತು ಸಂಗಡಿಗರು ನಮ್ಮ ಸೌರಮಂಡಲದ 85 ಧೂಮಕೇತುಗಳನ್ನು ಇದೇ ರೀತಿ ರುಚಿ ನೋಡಿ ಎರಡು ಗುಂಪು ಮಾಡಿದ್ದರು. ಸಯನೋಜನ್ ನೂರು ಇದ್ದಾಗ ಇಂಗಾಲದ ಜೋಡಿ 66ಕ್ಕಿಂತ ಕಡಿಮೆಯಿದ್ದರೆ ಅದು ಇಂಗಾಲ ಕಡಿಮೆಯಾದ ಗುಂಪು, ಉಳಿದವು ಸಾಧಾರಣ. ಹಾನ್ಲೆಯಿಂದ ನೋಡಿದಾಗ ಬೋರಿಸೋವ್‌ನಲ್ಲಿ ಆ ಪ್ರಮಾಣ ಸೂರ್ಯನ ಸಮೀಪ ಹಾಯುವ ಮೊದಲು ಸುಮಾರು 54, ಹಾದ ಮೇಲೆ 34. ಅಂದರೆ ಇಂಗಾಲ ಕಡಿಮೆ, ಮತ್ತು ಮೈಯ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಆದರೆ ಅವರ ಪ್ರಬಂಧದ ಒಟ್ಟು ತೀರ್ಮಾನ ಏನೆಂದರೆ, ಬೇರೊಂದು ಸೂರ್ಯನ ಹತ್ತಿರ ಹುಟ್ಟಿ ಯಾರೂ ಅರಿಯದಷ್ಟು ಕಾಲ ಕತ್ತಲಲ್ಲಿ ಅಲೆದು ಬಂದ ಈ ವಸ್ತು ನಡೆದುಕೊಳ್ಳುವುದು ನಮ್ಮ ಧೂಮಕೇತುಗಳ ಹಾಗೆಯೇ. ಹೊಸ ಗುಂಪು ಮಾಡಬೇಕಾಗಿ ಬರಲಿಲ್ಲ. ನಮ್ಮವಕ್ಕಾಗಿ ಮಾಡಿದ ಎರಡು ಡಬ್ಬಿಗಳಲ್ಲಿ ಒಂದರಲ್ಲಿ ಅದು ಹಿಡಿಸಿತು.

ಇದನ್ನು ಓದಿದ ದಿನದಿಂದ ನನಗೆ ಏಲಿಯನ್ ವಿಡಿಯೋಗಳ ಮೇಲೆ ಸಿಟ್ಟು. ವಿಚಿತ್ರವಾದದ್ದು ನಿಜವಾಗಿಯೂ ನಡೆದಿದೆ: ಇನ್ನೊಂದು ನಕ್ಷತ್ರದ ಮನೆಯ ಕಲ್ಲು ನಮ್ಮ ಅಂಗಳಕ್ಕೆ ಬಂದಿದೆ, ಅದನ್ನು ಒಡೆದು ನೋಡಿದರೆ ನಮ್ಮ ಅಡುಗೆಮನೆಯ ಸಾಮಾನೇ ಇದೆ. ಇದಕ್ಕಿಂತ ದೊಡ್ಡ ಸುದ್ದಿ ಬೇಕೆ?

ಮೂರನೆಯದರಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಆಗಸ್ಟ್ 6ರಂದು ಜೇಮ್ಸ್ ವೆಬ್ ದೂರದರ್ಶಕ ನೋಡಿದಾಗ ಅಟ್ಲಾಸ್‌ನ ಸುತ್ತಲಿನ ಅನಿಲದಲ್ಲಿ ನೀರಿನ ಆವಿಗಿಂತ ಇಂಗಾಲದ ಡೈಆಕ್ಸೈಡ್ ಸುಮಾರು ಎಂಟು ಪಟ್ಟು ಇತ್ತು. ನಮ್ಮವುಗಳಲ್ಲಿ ಅಷ್ಟು ಕಾಣುವುದು ಬಲು ಅಪರೂಪ. ತೀರಾ ಶೀತವಾದ ಕಡೆ ಹುಟ್ಟಿರಬಹುದು, ಇಲ್ಲವೇ ಕೋಟ್ಯಂತರ ವರ್ಷ ವಿಕಿರಣ ಬಡಿದು ಮೇಲಿನ ಪದರ ಮಾರ್ಪಟ್ಟಿರಬಹುದು ಎಂಬ ವಾದಗಳಿವೆ. ಗಟ್ಟಿಯ ಗಾತ್ರ 440 ಮೀಟರಿನಿಂದ 5.6 ಕಿ.ಮೀ. ಒಳಗೆ ಎಂದಷ್ಟೇ ಹಬಲ್ ಚಿತ್ರಗಳಿಂದ ಹೇಳಲಾಯಿತು. ಸುತ್ತಲಿನ ಹೊಗೆ ಅಷ್ಟು ದಟ್ಟ. ವಯಸ್ಸು ನಮ್ಮ ಸೂರ್ಯನಿಗಿಂತ ಹೆಚ್ಚು, ಏಳುನೂರು ಕೋಟಿ ವರ್ಷವೂ ಇರಬಹುದು ಎಂದು ಅದರ ವೇಗ ನೋಡಿ ಅಂದಾಜು ಮಾಡಿದವರಿದ್ದಾರೆ.

ನಾವು ಕಾಶಿಗೆ ಹೋದ ವಾರವೇ ಇಸ್ರೋದಿಂದಲೂ ಸುದ್ದಿ ಬಂತು. ನವೆಂಬರ್ 12ರಿಂದ 15ರವರೆಗೆ ಅಬು ಬೆಟ್ಟದ ಗುರುಶಿಖರದ 1.2 ಮೀಟರ್ ದೂರದರ್ಶಕದಿಂದ, ಬೆಳಗು ಹರಿಯುವ ಮುನ್ನದ ಸ್ವಲ್ಪ ಹೊತ್ತಿನಲ್ಲಿ, ಅದೇ ಪ್ರಯೋಗಾಲಯದವರು ಅಟ್ಲಾಸ್‌ನ ಬೆಳಕನ್ನು ಒಡೆದು ನೋಡಿದ್ದರು. ಅದೇ ಸಯನೋಜನ್, ಅದೇ ಇಂಗಾಲದ ಜೋಡಿ, ಇಂಗಾಲದ ಮೂರರ ಗುಂಪು. ಸೆಕೆಂಡಿಗೆ ಸುಮಾರು ಒಂದರ ಮುಂದೆ 25 ಸೊನ್ನೆಯಷ್ಟು ಅಣುಗಳು. ಅಂಕಿ ಭಯಂಕರವಾಗಿ ಕಾಣುತ್ತದೆ. ಫೋನಿನ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆ: ಅಷ್ಟು ಸಯನೋಜನ್ ಅಣುಗಳ ತೂಕ ಅರ್ಧ ಕಿಲೋಗೂ ಕಡಿಮೆ. ದೊಡ್ಡವ್ವನಿಗೆ ಹೇಳಿದೆ, ಸೆಕೆಂಡಿಗೆ ಅರ್ಧ ಕಿಲೋ ಸಕ್ಕರೆಯಷ್ಟು ಅದು ಉದುರಿಸುತ್ತಿದೆ, ಅದನ್ನೇ ಅಬು ಬೆಟ್ಟದಿಂದ ಕಂಡರು ಎಂದು. ಅವಳು ನಂಬಲಿಲ್ಲ. ನನಗೂ ನಂಬಲು ಹೊತ್ತು ಹಿಡಿದಿತ್ತು.

ಅಂದು ರಾತ್ರಿ, ಅಂದರೆ 19 ಕಳೆದು 20ರ ಒಂದೂವರೆಗೆ, ನಾಸಾದ ಪತ್ರಿಕಾಗೋಷ್ಠಿ ಇತ್ತು. ಕೋಣೆಯಲ್ಲಿ ಫೋನಿನ ಸದ್ದು ಕಿವಿಗೆ ಮಾತ್ರ ಹಾಕಿಕೊಂಡು ನೋಡಿದೆ. ಅಕ್ಟೋಬರ್ 2ಕ್ಕೆ ಮಂಗಳನ ಸುತ್ತಲಿನ ನೌಕೆ ತೆಗೆದ ಚಿತ್ರಗಳು ಅಮೆರಿಕದ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿದ್ದರಿಂದ ಹೊರಬಂದಿರಲಿಲ್ಲ. ‘ಮುಚ್ಚಿಟ್ಟ ಸತ್ಯ’ ಹುಟ್ಟಿದ್ದು ಅಲ್ಲೇ. ಹಾರ್ವರ್ಡಿನ ಆವಿ ಲೋಬ್ ಅದು ಕೃತಕ ವಸ್ತುವಾಗಿರಬಹುದೇ ಎಂದು ಎತ್ತಿದ ಪ್ರಶ್ನೆಗಳು ಯೂಟ್ಯೂಬಿಗೆ ಸಾಕಾಗಿದ್ದವು. ಕೊನೆಗೆ ತೋರಿಸಿದ ಚಿತ್ರ ಏನು? ಸುಮಾರು ಮೂರು ಕೋಟಿ ಕಿ.ಮೀ. ದೂರದಿಂದ ತೆಗೆದ ಒಂದು ಬಿಳಿ ಮಸುಕು, ಹತ್ತಿಯ ಉಂಡೆ. ನಾಸಾದವರು ಇದು ಧೂಮಕೇತುವೇ ಎಂದು ಸ್ಪಷ್ಟವಾಗಿ ಹೇಳಿದರು. ಮನೆಯ ಗುಂಪಿನಲ್ಲಿ ಯಾರೋ ‘ಇಷ್ಟೇನಾ?’ ಎಂದು ಹಾಕಿದರು.

ಬೆಳಗಿನ ಐದಕ್ಕೆ ಬಂಗಾಲಿ ಟೋಲಾದ ಓಣಿಗಳನ್ನು ಹಾದು ಪಾಂಡೆ ಘಾಟಿಗೆ ಇಳಿದೆವು. ದೊಡ್ಡವ್ವನಿಗೆ ಸ್ನಾನ, ನನಗೆ ಆಕಾಶ. ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುವುದರಿಂದ ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ, ಎದುರು ದಂಡೆಯಲ್ಲಿ ಊರಿಲ್ಲ. ಬೆಳಗಿನ ಆಕಾಶ ನೋಡಲು ಇಷ್ಟು ದೊಡ್ಡ ನಗರದಲ್ಲಿ ಇಷ್ಟು ತೆರೆದ ಜಾಗ ಇನ್ನೆಲ್ಲಿ ಸಿಕ್ಕೀತು? ಚಂದ್ರನಿಲ್ಲ. ಗುರು ಗ್ರಹ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಪೂರ್ವದಲ್ಲಿ ಮಂಜಿನ ಮೇಲೆ, ಎರಡು ಗೇಣು ಎತ್ತರದಲ್ಲಿ ಚಿತ್ತಾ ನಕ್ಷತ್ರ ಒಂಟಿಯಾಗಿ ಮಿನುಗುತ್ತಿತ್ತು. ಪರದೇಶಿ ಚುಕ್ಕಿ ಇದ್ದದ್ದು ಅದರ ಮೇಲ್ಗಡೆ, ಕನ್ಯಾ ರಾಶಿಯಲ್ಲೇ. ಅದರ ದಾರಿ ಗ್ರಹಗಳು ಓಡಾಡುವ ಸಮತಲಕ್ಕೆ ಐದೇ ಡಿಗ್ರಿ ಓರೆ, ಹಾಗಾಗಿ ಹೊರಗಿನದಾದರೂ ನಮ್ಮ ರಾಶಿಗಳನ್ನು ಬಿಟ್ಟು ಹೋಗಲಿಲ್ಲ. ಹೋಗುವುದು ಮಾತ್ರ ಗ್ರಹಗಳಿಗೆ ಎದುರು ದಿಕ್ಕಿನಲ್ಲಿ, ಒನ್‌ವೇಯಲ್ಲಿ ಉಲ್ಟಾ ನುಗ್ಗಿದ ಬೈಕಿನ ಹಾಗೆ.

ಕಣ್ಣಿಗೆ ಏನೂ ಕಾಣಲಿಲ್ಲ. ಕಾಣುವುದಿಲ್ಲ ಎಂದು ಗೊತ್ತಿದ್ದೇ ಹೋದದ್ದು. ಅದನ್ನು ನೋಡಲು ಒಳ್ಳೆಯ ದೂರದರ್ಶಕವೂ ಊರ ದೀಪಗಳಿಲ್ಲದ ಕತ್ತಲೂ ಬೇಕಿತ್ತು. ಘಾಟಿನ ತುಂಬ ದೀಪದ ಕಂಬಗಳು. ದೊಡ್ಡವ್ವ ಒದ್ದೆ ಸೆರಗು ಹಿಂಡಿ ಮೆಟ್ಟಿಲ ಮೇಲೆ ನಿಂತು, ನಾನು ಬೆರಳು ತೋರಿಸಿದ ಕಡೆ ಬಹಳ ಹೊತ್ತು ನೋಡಿದಳು.

“ಬಾಲ ಇಲ್ಲೇನು ಇದಕ್ಕ?”

“ಐತಿ. ಕಾಣಂಗಿಲ್ಲ.”

“ಎಷ್ಟ ದೂರ ಐತಿ?”

ಡಿಸೆಂಬರ್ 19ಕ್ಕೆ ತೀರಾ ಹತ್ತಿರ ಬಂದಾಗಲೂ 27 ಕೋಟಿ ಕಿಲೋಮೀಟರ್ ಎಂದೆ. ಕೋಟಿಗಳು ಅವಳಿಗೆ ಹಿಡಿಸಲಿಲ್ಲ. ಸೂರ್ಯ ಎಷ್ಟು ದೂರವೋ ಅದರ ಹೆಚ್ಚುಕಡಿಮೆ ಎರಡರಷ್ಟು ಎಂದ ಮೇಲೆ ತಲೆಯಾಡಿಸಿದಳು. ಅಷ್ಟು ದೂರದಲ್ಲಿದ್ದುಕೊಂಡು ಅದು ಯಾರಿಗೇನು ಮಾಡೀತು ಎಂದು ತಾನೇ ಹೇಳಿಕೊಂಡಳು. 1997ರದ್ದು ಕೂಡ ಭೂಮಿಯಿಂದ ಹತ್ತೊಂಬತ್ತು ಕೋಟಿ ಕಿಲೋಮೀಟರಿಗಿಂತ ಹತ್ತಿರ ಬಂದಿರಲಿಲ್ಲ ಎಂದು ನಾನು ಹೇಳಲಿಲ್ಲ. ಅದು ಅವಳಿಗೂ ಆ ಚುಕ್ಕಿಗೂ ಬಿಟ್ಟದ್ದು. ಹೊತ್ತೇರಿದ ಮೇಲೆ ಲಿಂಗದ ವಿಧಿಗಳು ನಡೆದವು. ಮಠದ ಅಂಗಳದಲ್ಲಿ ದೊಡ್ಡಪ್ಪನ ಕಲ್ಲು ಯಾವ ಸಾಲಿನಲ್ಲಿ, ಎಷ್ಟನೆಯದು ಎಂದು ಅವಳು ಬೆರಳು ಮಡಚಿ ಎಣಿಸಿ ನೆನಪಿಟ್ಟುಕೊಂಡಳು. ಅಲ್ಲಿನ ಒಂದೇ ತರಹದ ಕಲ್ಲುಗಳ ನಡುವೆ ಗುರುತು ಹಿಡಿಯಲು ಬೇರೆ ದಾರಿಯಿಲ್ಲ.

ಪರದೇಶಿಯ ಊರು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗುವ ಸಂಭವವಿಲ್ಲ. ಧನು ರಾಶಿಯ ದಿಕ್ಕಿನಿಂದ ಬಂತು ಎನ್ನಬಹುದು. ಆದರೆ ಅದು ಹೊರಟ ಕಾಲದಿಂದ ಇಲ್ಲಿಯವರೆಗೆ ನಕ್ಷತ್ರಗಳೆಲ್ಲ ಆಕಾಶಗಂಗೆಯ ಸುತ್ತ ಎಷ್ಟೋ ಸುತ್ತು ಹಾಕಿ ಕಲೆಸಿಹೋಗಿವೆ. ಹುಟ್ಟಿದ ಮನೆ ಈಗ ಎಲ್ಲಿದೆಯೋ, ಇದೆಯೋ ಇಲ್ಲವೋ. ಹೋಗುವ ದಾರಿ ಮಾತ್ರ ಚೆನ್ನಾಗಿ ಗೊತ್ತು. 2026ರ ಮಾರ್ಚ್ 16ಕ್ಕೆ ಗುರು ಗ್ರಹದಿಂದ ಸುಮಾರು ಐದು ಕೋಟಿ ಕಿ.ಮೀ. ದೂರದಲ್ಲಿ ಹಾಯುವ ದಾರಿ ಅದರದು, ಆಮೇಲೆ ಮಿಥುನ ರಾಶಿಯತ್ತ. ಚಿಲಿಯಲ್ಲಿ ಹೊಸದಾಗಿ ಕಣ್ಣು ತೆರೆದಿರುವ ವೆರಾ ರೂಬಿನ್ ವೇಧಶಾಲೆ ಇಂಥವನ್ನು ಇನ್ನಷ್ಟು ಹಿಡಿಯಲಿದೆ ಎಂಬ ನಿರೀಕ್ಷೆಯಿದೆ. ನಾಲ್ಕನೆಯದು ಬಂದಾಗ ಹೊಸಕೋಟೆಯಲ್ಲಿ ಯಾರೋ ಬೆಳಗಿನ ಜಾವ ಎಚ್ಚರವಿದ್ದು ಹಾನ್ಲೆಯ ಕನ್ನಡಿ ತಿರುಗಿಸುತ್ತಾರೆ. ದೊಡ್ಡವ್ವ ಗದಗ ತಲುಪಿ ಫೋನ್ ಮಾಡಿದಾಗ ಕೇಳಿದ್ದು, “ಅದು ಹೊಂಟ ಹೋತೇನು?” ಹೊರಟಿದೆ, ಇನ್ನೂ ದಾರಿಯಲ್ಲಿದೆ ಎಂದೆ.